ಅಂಬಕ್ಕಜ್ಜಿಯ ಸ್ನಾನಗಳು

ಕಾಶಿಯ ಭೇಲೂಪುರದ ನಮ್ಮ ಮನೆಯಲ್ಲಿ ಜಗಳ ಶುರುವಾಗುತ್ತಿದ್ದದ್ದು ಬಚ್ಚಲಿನ ಬಾಗಿಲಲ್ಲಿ. ಇದ್ದದ್ದೇ ಒಂದು ಬಚ್ಚಲು. ಅಪ್ಪ ಆಸ್ಪತ್ರೆಗೆ ಹೊರಡಬೇಕು, ನಾನು ಶಾಲೆಗೆ ಹೊರಡಬೇಕು, ನಳ ನಿಲ್ಲುವುದರೊಳಗೆ ಅವ್ವ ಬಟ್ಟೆ ಹಿಂಡಿ ಹಾಕಬೇಕು. ಒಳಗೆ ನೋಡಿದರೆ ಅಂಬಕ್ಕಜ್ಜಿ. ಎದ್ದ ಕೂಡಲೇ ಒಂದು ಸ್ನಾನ ಆಗಿರುತ್ತಿತ್ತು. ಪೂಜೆಗೆ ಮೊದಲು ಇನ್ನೊಂದು. ಯಾರೋ ತಾಕಿದರೆಂದು ಮತ್ತೊಂದು. ಯಾರೂ ತಾಕದಿದ್ದರೂ ತಾಕಿದ ಹಾಗಾಯಿತೆಂದು ಮಗದೊಂದು. ಚಳಿಗಾಲದ ಮಂಜಿನಲ್ಲಿ ಬನಾರಸಿನ ನಾಯಿಗಳೇ ಮುದುಡಿಕೊಂಡು ಬಿದ್ದಿರುವ ಹೊತ್ತಿಗೂ ನಮ್ಮ ಮನೆಯಲ್ಲಿ ತಣ್ಣೀರು ಸುರಿಯುವ ಸದ್ದು ಕೇಳುತ್ತಿತ್ತು. ನಾನು ಹೊರಗೆ ನಿಂತು ಬಾಗಿಲು ಬಡಿದು, ಗಲ್ಲಿಯ ಹುಡುಗಿಯರಿಂದ ಕಲಿತ ಹಿಂದಿಯಲ್ಲಿ ಗೊಣಗುತ್ತಿದ್ದೆ. ಅಜ್ಜಿಗೆ ಹಿಂದಿ ಬಾರದು, ಆದರೆ ಬೈಗುಳ ಯಾವ ಭಾಷೆಯದಾದರೂ ತಿಳಿಯುತ್ತಿತ್ತು.

"ನಿನ್ನ ಬಾಯಿಗಿಷ್ಟು ಬೆಂಕಿ ಹಾಕ. ಬಂದೆ ತಡಿ."

ಅಂಬಕ್ಕಜ್ಜಿ ಅಪ್ಪನ ಸೋದರತ್ತೆ. ಗದಗದ ಆಚೆಯ ಹಳ್ಳಿಯಿಂದ ಕಾಶೀವಾಸಕ್ಕೆಂದು ಬಂದವಳು. ಅಂದರೆ ಇನ್ನು ಊರಿನ ಹೆಸರೆತ್ತದೆ, ಕಡೆಯುಸಿರಿನ ತನಕ ಕಾಶಿಯಲ್ಲೇ ಇರುತ್ತೇನೆ ಎಂದು ಸಂಕಲ್ಪ ಮಾಡಿಕೊಂಡು ಬಂದವಳು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳು ತಂತಮ್ಮ ಸಂಸಾರದಲ್ಲಿದ್ದರು. ನಡುಮನೆಯ ಕಿಟಕಿಯ ಕೆಳಗೆ ಅವಳ ಮಂಚ, ಮೂಲೆಯಲ್ಲಿ ಅವಳದೇ ಒಂದು ಒಲೆ, ಮೇಲೆ ಕಟ್ಟಿದ ಗಳದ ಮೇಲೆ ಅವಳ ಮಡಿ ಸೀರೆ. ಆ ಮಂಚದ ಸುತ್ತ ಕಣ್ಣಿಗೆ ಕಾಣದ ಒಂದು ಗೆರೆ ಇತ್ತು. ಅದನ್ನು ದಾಟಿದರೆ "ದೂರ, ದೂರ" ಎನ್ನುವಳು. ನನಗೆ ಅದೊಂದು ದೊಡ್ಡ ಸಿಟ್ಟು. ನಮ್ಮ ಗಲ್ಲಿಯ ಎಲ್ಲ ಹುಡುಗಿಯರಿಗೂ ಮಗ್ಗುಲಲ್ಲಿ ಮಲಗಿಸಿಕೊಳ್ಳುವ ಅಜ್ಜಿಯರಿದ್ದರು. ನನಗೆ ಸಿಕ್ಕದ್ದು ಮುಟ್ಟಬಾರದ ಅಜ್ಜಿ. ಸಂಜೆ ಅವಳು ಕಥೆ ಹೇಳುತ್ತಿದ್ದಳು, ಬಹಳ ಚೆನ್ನಾಗಿಯೇ ಹೇಳುತ್ತಿದ್ದಳು, ಆದರೆ ನಾನು ಹೊಸ್ತಿಲ ಬಳಿ ಕೂತು ಕೇಳಬೇಕು. ಅಷ್ಟು ದೂರದಿಂದ ಕೇಳಿದರೆ ರಾಕ್ಷಸ ಬಂದಾಗ ಯಾರ ಸೆರಗು ಹಿಡಿದುಕೊಳ್ಳಬೇಕು?

ಅಪ್ಪ ಹೃದಯದ ಡಾಕ್ಟರು. ಕರ್ನಾಟಕದಿಂದ ಯಾತ್ರೆಗೆ ಬಂದು ಜ್ವರವೋ ಎದೆನೋವೋ ಬಂದವರನ್ನು, ಅವರು ಇಳಿದುಕೊಂಡ ಮಠದವರು ನೇರವಾಗಿ ನಮ್ಮ ಮನೆಗೆ ಕಳಿಸುತ್ತಿದ್ದರು. ಪಡಸಾಲೆಯ ಬೆಂಚಿನ ಮೇಲೆ ಯಾವಾಗಲೂ ಒಬ್ಬರಲ್ಲ ಒಬ್ಬರು ಕೂತಿರುತ್ತಿದ್ದರು. ಅವರು ತಂದ ಜೋಳದ ಹಿಟ್ಟು, ಶೇಂಗಾ ಚಟ್ನಿಪುಡಿಗಳಲ್ಲಿ ನಮ್ಮ ಅಡಿಗೆಮನೆ ಧಾರವಾಡದ ವಾಸನೆ ಹೊಡೆಯುತ್ತಿತ್ತು. ಅಕ್ಕಿ ಡಬ್ಬಿಯಲ್ಲಿರುವ ಹಾಗೆ ಔಷಧ ಮನೆಯಲ್ಲಿರುತ್ತದೆ ಎಂದೇ ನಾನು ತಿಳಿದು ಬೆಳೆದೆ. ಅಜ್ಜಿಯ ಮೇಲಂತೂ ಅಪ್ಪನಿಗೆ ಪ್ರಾಣ. ಚಿಕ್ಕಂದಿನಲ್ಲಿ ತಾಯಿ ಕಾಯಿಲೆ ಬಿದ್ದಾಗ ಅವನನ್ನು ಎತ್ತಿ ಆಡಿಸಿದವಳು ಅವಳೇ. ದಿನಾ ಬೆಳಿಗ್ಗೆ, ಅವಳು ಮೊದಲ ಸ್ನಾನಕ್ಕೆ ಏಳುವ ಮುಂಚೆ, ಅಂದರೆ ಮುಟ್ಟಿದರೆ ತಂಟೆಯಿಲ್ಲದ ಹೊತ್ತಿಗೆ, ಅಪ್ಪ ಮಂಚದ ಪಕ್ಕ ಕೂತು ಬಿ.ಪಿ. ನೋಡುತ್ತಿದ್ದ, ಎದೆಗೆ ಸ್ಟೆತೋಸ್ಕೋಪು ಇಡುತ್ತಿದ್ದ.

"ಅತ್ಯಾ, ನಿನ್ನ ಎದಿ ಹದಿನಾರರ ಹುಡುಗಿ ಎದಿ ಇದ್ದಂಗ ಅದ."

"ಹಂಗಾದ್ರ ಒಂದು ವರಾ ನೋಡೋ," ಎಂದು ಅಜ್ಜಿ ಬಚ್ಚಲಿಗೆ ಎದ್ದು ಹೋಗುವಳು.

ಬಂದ ಹೊಸತರಲ್ಲಿ ಅವಳು ದಿನಾ ಗಂಗಾಸ್ನಾನಕ್ಕೆ ಹೋಗುತ್ತಿದ್ದಳು. ಗೋದೌಲಿಯಾ ಚೌಕದ ತನಕ ಸೈಕಲ್ ರಿಕ್ಷಾ, ಅಲ್ಲಿಂದ ಜನರ ನೂಕಿನಲ್ಲಿ ನಡಿಗೆ, ಆಮೇಲೆ ದಶಾಶ್ವಮೇಧ ಘಾಟಿನ ಮೆಟ್ಟಿಲು. ರಜೆಯ ದಿನ ನಾನೂ ಜೊತೆಗೆ. ಬರಬರುತ್ತ ಮೆಟ್ಟಿಲಲ್ಲಿ ಅವಳು ಕೂರುವುದು ಹೆಚ್ಚಾಯಿತು. ಒಂದು ದಿನ ಅರ್ಧಕ್ಕೇ ಕೂತು, ನೀರನ್ನು ಅಲ್ಲಿಂದಲೇ ನೋಡಿ, ಕೈ ಮುಗಿದು, "ನಡಿ ಹೋಗೋಣು" ಅಂದಳು. ಆಮೇಲೆ ಹೋಗಲೇ ಇಲ್ಲ. ನಳದಲ್ಲಿ ಬರುವುದೂ ಗಂಗೆಯೇ ಎಂದು ಸಮಾಧಾನ ಹೇಳಿಕೊಂಡಳು. ಊಟ ಇಳಿಯಿತು. ಮಜ್ಜಿಗೆ ಬಿಟ್ಟಳು. ಬೇಸಿಗೆಯ ಬಿಸಿಗಾಳಿ ಮನೆಯನ್ನೇ ಸುಡುವಾಗಲೂ ನೀರು ಕುಡಿಯದಾದಳು. ಕೇಳಿದರೆ, "ಇನ್ನ ಎಲ್ಲಾ ಬಿಡೂದs ಅಲ್ಲೇನು," ಎನ್ನುವಳು. ಬಿಟ್ಟದ್ದಕ್ಕೆಲ್ಲ ಅದೊಂದೇ ಉತ್ತರ.

ಎಲ್ಲರೂ ಅದನ್ನು ನಂಬಿದರು. ನಮ್ಮ ಮನೆಯಲ್ಲಲ್ಲದೆ ಇನ್ನೆಲ್ಲಾದರೂ ಆಗಿದ್ದರೆ, ಒಬ್ಬ ಮುದುಕಿ ನೀರು ಬಿಟ್ಟು, ನಡೆಯುವುದು ಬಿಟ್ಟು, ಹೊತ್ತುಹೊತ್ತಿಗೆ ತೊಳೆದುಕೊಳ್ಳುತ್ತಿದ್ದಾಳೆ ಎಂದರೆ ಯಾರಾದರೂ ಏನಾಗಿದೆ ಎಂದು ಕೇಳುತ್ತಿದ್ದರು. ಇಲ್ಲಿ ಅವಳು ಕಾಶೀವಾಸಿ. ಇಲ್ಲಿ ಅದು ವೈರಾಗ್ಯ. ಮಠದ ಶಾಸ್ತ್ರಿಗಳು ಮಧ್ಯಾಹ್ನ ಬಂದು ಪುರಾಣ ಓದುತ್ತಿದ್ದರು. ಒಳ್ಳೆಯ ಮನುಷ್ಯರು, ಓದುತ್ತ ಓದುತ್ತ ಅವರ ಕಣ್ಣಲ್ಲೇ ನೀರಾಡುತ್ತಿತ್ತು. ಒಂದು ದಿನ ಹೊರಡುವಾಗ ಅವರು ಅಪ್ಪನಿಗೆ ಮೆಲ್ಲಗೆ, "ಪಕ್ವ ಜೀವ ಅದರೀ. ಕರೀ ಬಂದಂಗ ಕಾಣಸ್ತದ," ಅಂದರು. ಅಂದಿನಿಂದ ಮನೆಯಲ್ಲಿ ಎಲ್ಲರ ದನಿ ಇಳಿಯಿತು. ಅಪ್ಪ ಊರಿಗೆ ಫೋನು ಮಾಡಿ ಬರುವವರು ಬಂದು ಹೋಗಿರಿ ಎಂದ. ಬಚ್ಚಲಿಗಾಗಿ ಜಗಳವಾಡುವುದನ್ನು ನಾನೂ ಬಿಟ್ಟೆ. ಅಜ್ಜಿ ಸಾಯುತ್ತಾಳೆ, ಒಂದು ಸಲವೂ ನನ್ನನ್ನು ಮುಟ್ಟಿಸಿಕೊಳ್ಳದೆ ಸಾಯುತ್ತಾಳೆ ಎಂದೇ ನನ್ನ ಚಿಂತೆ.

ನಮ್ಮ ಮಹಡಿಯ ಖೋಲಿಗೆ ಆಗಷ್ಟೇ ವಿಮಲಕ್ಕ ಬಾಡಿಗೆಗೆ ಬಂದಿದ್ದಳು. ಮೈಸೂರಿನವಳು, ಹೆಂಗಸರ ಡಾಕ್ಟರು, ಅಪ್ಪನ ಆಸ್ಪತ್ರೆಯಲ್ಲೇ ಕೆಲಸ. ಭಾನುವಾರ ನಮ್ಮಲ್ಲೇ ಊಟ. ಅವಳ ಕನ್ನಡ ಕೇಳಿ ಅಜ್ಜಿ, "ಇದೇನು ಹಾಡಲಿಕ್ಕೆ ಹತ್ಯಾಳೋ ಮಾತಾಡಲಿಕ್ಕೆ ಹತ್ಯಾಳೋ," ಎಂದು ಕಾಲೆಳೆಯುವಳು. ಅವಳು ನಮ್ಮ ರೊಟ್ಟಿಯನ್ನು ಎರಡು ಕೈಯಲ್ಲಿ ಹಿಡಿದು ಮುರಿಯುವುದನ್ನು ನೋಡಿ ನಾವೆಲ್ಲ ನಗುತ್ತಿದ್ದೆವು. ಆ ಭಾನುವಾರ ಅವಳು ನಗಲಿಲ್ಲ. ಅಜ್ಜಿ ಮಣೆಯ ಮೇಲೆ ಒಂದೇ ತೊಡೆಗೆ ಭಾರ ಹಾಕಿ ಓರೆಯಾಗಿ ಕೂತಿದ್ದಳು. ಎದ್ದಾಗ ಒಂದು ಕೈ ಗೋಡೆಯ ಮೇಲೆ, ಇನ್ನೊಂದು ಕೈ ಸೀರೆಯ ನೆರಿಗೆಯನ್ನು ಕಿಬ್ಬೊಟ್ಟೆಗೆ ಒತ್ತಿ ಹಿಡಿದಿತ್ತು. ಅಜ್ಜಿ ಬಚ್ಚಲಿಗೆ ಹೋದ ಮೇಲೆ ವಿಮಲಕ್ಕ ಕೇಳಿದಳು:

"ಸರ್, ಅಜ್ಜಿನ ಯಾರು ನೋಡ್ತಿದಾರೆ?"

"ನಾನs ನೋಡತೇನಲ್ಲಾ. ದಿನಾ. ಎಲ್ಲಾ ಸರಿ ಅದ."

"ಎಲ್ಲಾ ಅಂದ್ರೆ ಸೊಂಟದಿಂದ ಮೇಲೆ ತಾನೇ ಸರ್?"

ಅಪ್ಪನ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. ಅವ್ವ ಬಡಿಸುವುದನ್ನು ನಿಲ್ಲಿಸಿ ವಿಮಲಕ್ಕನ ಮುಖ ನೋಡಿದಳು. ಆಗ ನನಗೇನೂ ತಿಳಿಯಲಿಲ್ಲ.

ಅಪ್ಪ ಮರುದಿನವೇ ಅಜ್ಜಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ನಾನು ಹಟ ಮಾಡಿ ಜೊತೆಗೆ ಹೋದೆ. ಡಾಕ್ಟರ ಮನೆಯವರೆಂದು ನಮಗೆ ಸಾಲಿಲ್ಲ, ಕಾಯುವುದಿಲ್ಲ. ಕುರ್ಚಿ ತಂದರು, ನೀರು ತಂದರು. ಒಳಗೆ ಹಿರಿಯ ಡಾಕ್ಟರಮ್ಮ, ಅವರ ಸುತ್ತ ಕಲಿಯುವ ಹುಡುಗ ಹುಡುಗಿಯರು, ಒಂದು ಹಸಿರು ಪರದೆ, ಪರದೆಯಾಚೆ ಇನ್ನಷ್ಟು ಜನ. ಡಾಕ್ಟರಮ್ಮ ಅಕ್ಕರೆಯಿಂದಲೇ ಅಜ್ಜಿಯ ಭುಜದ ಮೇಲೆ ಕೈಯಿಟ್ಟು ಕೇಳಿದರು.

"ಕ್ಯಾ ತಕ್ಲೀಫ್ ಹೈ, ಮಾತಾಜಿ?"

ಏನು ತೊಂದರೆ ಎಂಬ ಆ ಪ್ರಶ್ನೆಯನ್ನು ಅಜ್ಜಿಗೆ ಕನ್ನಡದಲ್ಲಿ ಕೇಳಿದವನು ಅಪ್ಪ. ಅವಳು ಎತ್ತಿ ಆಡಿಸಿದ ಅಪ್ಪ. ಅಜ್ಜಿ ಪರದೆ ನೋಡಿದಳು, ಹುಡುಗರನ್ನು ನೋಡಿದಳು, ಸೆರಗು ಹೊದ್ದುಕೊಂಡು, "ಮೊಣಕಾಲ ನೋವು," ಅಂದಳು. ಮೊಣಕಾಲಿಗೆ ಹಚ್ಚುವ ಮುಲಾಮು ಹಿಡಿದುಕೊಂಡು ಮನೆಗೆ ಬಂದೆವು. ಆ ಮುಲಾಮನ್ನು ಅವಳು ನಮ್ಮೆಲ್ಲರಿಗೂ ಕಾಣುವ ಹಾಗೆ ಒಂದು ವಾರ ತಿಕ್ಕಿಕೊಂಡಳು. ಆಸ್ಪತ್ರೆಯಿಂದ ಬಂದ ದಿನವೇ ಅಪ್ಪನಿಗೂ ಅವ್ವನಿಗೂ ಜೋರಾಗಿಯೇ ಜಗಳವಾಯಿತು.

"ಇದಕ್ಕಿಂತ ಛಲೋ ಆಸ್ಪತ್ರೆ ಈ ಸುತ್ತಿನಾಗ ಎಲ್ಲದ? ಎಲ್ಲಾರಕಿಂತ ದೊಡ್ಡ ಡಾಕ್ಟರ್ ಕಡೆ ಕರಕೊಂಡು ಹೋದೆ. ಇನ್ನೇನ್ ಮಾಡಬೇಕು ನಾನು?"

"ನೀವು ಹೊರಗ ನಿಂದರಬೇಕಿತ್ತು," ಅಂದಳು ಅವ್ವ. "ಎಲ್ಲಾ ಮಾಡಿದ್ರಿ, ಅದೊಂದು ಮಾಡಲಿಲ್ಲ."

ದಾರಿ ಹುಡುಕಿದ್ದು ವಿಮಲಕ್ಕ. ಆ ವಾರ ಕಳೆದ ಮೇಲೆ ಒಂದು ದಿನ, ಶಾಸ್ತ್ರಿಗಳು ಬರುವ ಮೊದಲು, ಅವಳು ಕೆಳಗಿಳಿದು ಬಂದು ನಮ್ಮ ಬಚ್ಚಲಿನಲ್ಲಿ ತಲೆಗೆ ನೀರು ಹಾಕಿಕೊಂಡಳು. ಅವ್ವ ಮೊದಲೇ ಒಗೆದು, ಯಾರೂ ಮುಟ್ಟದಂತೆ ಗಳದ ಮೇಲೆ ಹಾಕಿದ್ದ ಸೀರೆಯನ್ನು ಕೋಲಿನಿಂದ ಇಳಿಸಿ ಕೊಟ್ಟಳು. ಅದನ್ನು ಹೇಗೋ ಹೇಗೋ ಸುತ್ತಿಕೊಂಡು, ಒದ್ದೆ ಕೂದಲು ಬಿಟ್ಟುಕೊಂಡು, ವಿಮಲಕ್ಕ ಸೀದಾ ಆ ಗೆರೆ ದಾಟಿ ಮಂಚದ ಮುಂದೆ ನೆಲದ ಮೇಲೆ ಕೂತಳು. ಅಜ್ಜಿ "ದೂರ" ಎನ್ನಲು ಕೈ ಎತ್ತಿದವಳು ಹಾಗೇ ಇಳಿಸಿದಳು.

"ನಾನೂ ಮಡೀಲಿದೀನಿ ಅಜ್ಜಿ. ಈಗೇನು ಹೇಳ್ತೀರಿ?"

ಅಜ್ಜಿಯ ಮಡಿಯ ನೆಪ ಮುಗಿದಿತ್ತು. ಆದರೂ ಒಂದು ಕೊಕ್ಕೆ ಹಾಕಿದಳು.

"ಕೈಗೆ ಆ ರಬ್ಬರ್ ಚೀಲ ಹಾಕ್ಕೊಳ್ತೀರಲ್ಲಾ, ಅದು?"

"ಅದು ಮಡೀನೋ ಮೈಲಿಗೇನೋ ನೀವೇ ಹೇಳಿ. ಬೇಕಾದ್ರೆ ಅದಕ್ಕೂ ಗಂಗಾಜಲ ಹಾಕೋಣ."

ಅಜ್ಜಿಗೆ ನಗು ಬಂತು. ಎಷ್ಟೋ ತಿಂಗಳಾಗಿತ್ತು ಅವಳು ನಕ್ಕು. "ರಬ್ಬರಕ್ಕ ಮೈಲಿಗಿ ಏನೂ ಇಲ್ಲ ಬಿಡು," ಎಂದು ತಾನೇ ತೀರ್ಪು ಕೊಟ್ಟು, ಗೋಡೆ ಹಿಡಿದು ಎದ್ದಳು.

ಅಡಿಗೆಮನೆಯ ಹಿಂದೆ ಸಾಮಾನಿನ ಖೋಲಿಯಿತ್ತು. ಬೇಳೆ ಡಬ್ಬಿ, ಉಪ್ಪಿನಕಾಯಿ ಭರಣಿ, ಹಳೆಯ ಟ್ರಂಕುಗಳ ಖೋಲಿ. ಅದಕ್ಕೊಂದು ಗಟ್ಟಿ ಬಾಗಿಲು, ಒಳಗಿನಿಂದ ಚಿಲಕ. ಅವ್ವ ಟ್ರಂಕುಗಳನ್ನು ಜೋಡಿಸಿ ಹಾಸಿಗೆ ಹಾಸಿದ್ದಳು. ಮೂವರೂ ಒಳಗೆ ಹೋಗಿ ಚಿಲಕ ಹಾಕಿಕೊಂಡರು. ನನಗೆ ಬಾಗಿಲ ಮುಂದೆ ಕೂತು ಯಾರನ್ನೂ ಬಿಡಬಾರದೆಂಬ ಅಪ್ಪಣೆಯಾಯಿತು. ಯಾರನ್ನೂ ಅಂದರೆ ಅಪ್ಪನನ್ನು. ಹೃದಯದ ದೊಡ್ಡ ಡಾಕ್ಟರು ತನ್ನದೇ ಮನೆಯ ಅಡಿಗೆಮನೆಯ ತನಕ ಬಂದು, ನನ್ನನ್ನು ನೋಡಿ, ತಿರುಗಿ ಪಡಸಾಲೆಗೆ ಹೋಗಿ, ಮತ್ತೆ ಬಂದ. ಒಳಗಿನ ಮಾತು ನನಗೆ ತುಣುಕು ತುಣುಕಾಗಿ ಕೇಳುತ್ತಿತ್ತು.

"ಯಾವಾಗಿಂದ ಅಜ್ಜಿ?"

"ಮೂರನೇದು ಹಡದಾಗಿಂದ."

"ಅಂದ್ರೆ ಆ ಮಗೂಗೆ ಈಗ?"

"ಅವನ ಮಗಳದು ಲಗ್ನ ಆತು."

ಆಮೇಲೆ ಅಳು. ಅಜ್ಜಿ ಅತ್ತದ್ದನ್ನು ನಾನು ಅದಕ್ಕಿಂತ ಮೊದಲು ಕೇಳಿರಲಿಲ್ಲ. ಅಳುತ್ತಲೇ ಅವಳು ಹೇಳಿದಳು: "ಕಾಶಿಗೆ ಯಾಕ ಬಂದೆ ಅಂತ ಮಾಡೀ? ದೇವರ ಮ್ಯಾಲಿನ ಭಕ್ತಿಗಲ್ಲವಾ. ಈ ಹರಕ ಮೈಯಿಂದ ಒಮ್ಮೆ ಪಾರಾಗಬೇಕು ಅಂತ ಬಂದೆ. ಮಂದಿ ಮುಂದ ಕೂಡ್ಲಿಕ್ಕೆ ಆಗಲಿಲ್ಲ, ನಗಲಿಕ್ಕೆ ಆಗಲಿಲ್ಲ, ಕೆಮ್ಮಲಿಕ್ಕೆ ಆಗಲಿಲ್ಲ. ನೀರು ಕುಡದ್ರ ಸೀರಿ ಒದ್ದಿ. ಮಮ್ಮಗಳು ತೊಡೀ ಮ್ಯಾಲ ಬರ್ತೇನಿ ಅಂತದ, ವಾಸನೀ ಬಂದೀತು ಅಂತ ದೂರ ಮಾಡಿದೆ."

ಮಮ್ಮಗಳು ಎಂದರೆ ನಾನು. ಅಲ್ಲಿಯವರೆಗೆ ಅವಳಿಗೆ ನಾನು ಬೇಡವೆಂದೇ ತಿಳಿದಿದ್ದೆ. ಅಳು ತಡೆಯಲಾಗದೆ ಫ್ರಾಕಿನ ತುದಿಯನ್ನು ಬಾಯಿಗೆ ತುರುಕಿಕೊಂಡೆ. ಅಪ್ಪ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ. ಅವನಿಗೂ ಕೇಳಿಸಿತ್ತು. ಅವನು ಹೋಗಿ ಪಡಸಾಲೆಯ ಬೆಂಚಿನ ಮೇಲೆ, ರೋಗಿಗಳು ಕೂರುವ ಜಾಗದಲ್ಲಿ ಕೂತ.

ಆಗಿದ್ದದ್ದು ಇಷ್ಟೇ: ಗರ್ಭಕೋಶ ಜಾರಿ ಕೆಳಗಿಳಿದಿತ್ತು. ಹೆರಿಗೆಯಾದ ವಾರದಲ್ಲೇ ಕೊಡ ಹೊತ್ತ, ಬೀಸುವ ಕಲ್ಲಿನ ಮುಂದೆ ಕೂತ ಹೆಂಗಸರಿಗೆ ಆಗುವಂಥದು. ಅದಕ್ಕೆ ಮೂತ್ರದ ತೊಂದರೆ ಸೇರಿತ್ತು, ಉಜ್ಜಿ ಉಜ್ಜಿ ಹುಣ್ಣಾಗಿತ್ತು. ವಿಮಲಕ್ಕ ಮೊದಲು ಹುಣ್ಣು ವಾಸಿ ಮಾಡಿದಳು. ಆಮೇಲೆ, ಈ ವಯಸ್ಸಿಗೆ ಆಪರೇಷನ್ ಬೇಡವೆಂದು, ಜಾರಿದ್ದನ್ನು ತಡೆದು ಹಿಡಿಯಲು ಒಳಗಿಡುವ ಒಂದು ರಬ್ಬರಿನ ಉಂಗುರ ತಂದಳು. ಮೊದಲನೆಯದು ಅಳತೆಗೆ ಬಾರದೆ ಕೆಮ್ಮಿದಾಗ ಬಿದ್ದುಹೋಯಿತು. ಎರಡನೆಯದು ನಿಂತಿತು. ಅದನ್ನು ತೆಗೆದು, ತೊಳೆದು, ಮತ್ತೆ ಇಟ್ಟುಕೊಳ್ಳುವುದನ್ನು ಅಜ್ಜಿಗೇ ಕಲಿಸಿದಳು. ಅವಸರ ಮಾಡಲಿಲ್ಲ, ಅದೇ ಖೋಲಿಯಲ್ಲಿ, ಅದೇ ಚಿಲಕದ ಹಿಂದೆ, ಅಜ್ಜಿಗೆ ಬರುವವರೆಗೂ ಕಲಿಸಿದಳು. ಆ ಉಂಗುರವನ್ನು ಅಂಗೈಯಲ್ಲಿಟ್ಟುಕೊಂಡು ನೋಡಿ ಅಜ್ಜಿ ಅವ್ವನಿಗೆ ಹೇಳಿದ್ದು ನಮ್ಮ ಮನೆಯಲ್ಲಿ ಈಗಲೂ ನಗುವಿನ ಮಾತು:

"ಗಂಡ ಸತ್ತಾಗ ಬಳಿ ತಗಿಸಿದ್ರು. ಈ ಮೈಸೂರಾಕಿ ಮತ್ತ ತೊಡಿಸಿದ್ಲು ನೋಡು."

ಈಗ ನನಗೂ ಕೂದಲು ಬೆಳ್ಳಗಾಗಿದೆ. ಇದೇ ಊರಲ್ಲಿದ್ದೇನೆ, ಪರಿಚಯದವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವ ಕೆಲಸ ಹೇಗೋ ನನ್ನ ಪಾಲಿಗೆ ಬಂದಿದೆ. ಹೊಸ ಕಟ್ಟಡ, ಹೊಸ ಮೆಷಿನ್ನು ತೋರಿಸಿ ಯಾರಾದರೂ ಹೊಗಳಿದರೆ ನಾನು ಮೊದಲು ಬಾಗಿಲು ಹಾಕಿಕೊಳ್ಳುತ್ತದೆಯೇ ಎಂದು ನೋಡುತ್ತೇನೆ. ಆಮೇಲೆ, ಕೇಳುವವರು ಕೂತು ಕೇಳುತ್ತಾರೆಯೇ, ಹೇಳುವವರ ಮಾತು ಅವರಿಗೆ ತಿಳಿಯುತ್ತದೆಯೇ ಎಂದು ನೋಡುತ್ತೇನೆ. ಗಂಡ, ಮಗ, ಅಳಿಯ ಯಾರೇ ಜೊತೆಗೆ ನುಗ್ಗಿದರೂ ತೋಳು ಹಿಡಿದು ಆಚೆ ನಿಲ್ಲಿಸುತ್ತೇನೆ. ನನಗೆ ಬಾಯಿಬಡುಕಿ ಎಂದು ಹೆಸರು ಬಂದಿದೆ. ಬರಲಿ.

ಉಂಗುರ ನಿಂತ ಮೇಲೆ ಅಜ್ಜಿ ನೀರು ಕುಡಿಯತೊಡಗಿದಳು. ತಂಬಿಗೆ ಎತ್ತಿ ಗಟಗಟನೆ ಕುಡಿಯುವುದನ್ನು ನೋಡುವುದೇ ನಮಗೆ ಹಬ್ಬವಾಯಿತು. ಮಜ್ಜಿಗೆ ಬಂತು, ರೊಟ್ಟಿ ಬಂತು, ಬೈಗುಳ ಬಂತು. ಸ್ನಾನ ಬೆಳಿಗ್ಗೆ ಒಂದಕ್ಕೆ ಇಳಿಯಿತು. ಒಂದು ಸಂಜೆ ಕಥೆಯ ಹೊತ್ತಿಗೆ ನಾನು ಹೊಸ್ತಿಲ ಬಳಿ ಕೂತದ್ದನ್ನು ನೋಡಿ, "ಅಲ್ಲೇನ್ ಮಾಡ್ತೀ, ಬಾ ಇಲ್ಲೆ," ಎಂದು ತೊಡೆ ತಟ್ಟಿದಳು. ನಾನು ಹಾರಿ ಹೋಗಿ ಬಿದ್ದೆ. ಅವಳ ಸೀರೆಗೆ ಬಿಸಿಲಿನ, ಹುಣಸೆಹಣ್ಣಿನ ವಾಸನೆಯಿತ್ತು. ಆ ದಿನದ ಕಥೆಯಲ್ಲಿ ರಾಕ್ಷಸ ಬಂದನೋ ಇಲ್ಲವೋ ನನಗೆ ನೆನಪಿಲ್ಲ.

ಅಪ್ಪ ಮಾತ್ರ ಬಹಳ ದಿನ ಮಂಕಾಗಿದ್ದ. ಒಂದು ಬೆಳಿಗ್ಗೆ ಬಿ.ಪಿ. ನೋಡುತ್ತ, ತಡೆಯಲಾರದೆ ಕೇಳಿಯೇಬಿಟ್ಟ.

"ಅತ್ಯಾ, ದಿನಾ ಬಂದು ಕೂಡತಿದ್ನಲ್ಲಾ. ನನಗ್ಯಾಕ ಹೇಳಲಿಲ್ಲ?"

"ನೀ ಕೇಳಿದ್ದೆಲ್ಲಾ ಹೇಳೀನಲ್ಲೋ ತಮ್ಮಾ," ಎಂದು ಅಜ್ಜಿ ಅವನ ತಲೆ ಸವರಿದಳು.

ಚಳಿ ಕಳೆದ ಮೇಲೆ ಅಜ್ಜಿ ಶಾಸ್ತ್ರಿಗಳನ್ನು ಕರೆಸಿ, ತಾನು ಊರಿಗೆ ಹೋಗುವುದಾಗಿ ಹೇಳಿದಳು. ಶಾಸ್ತ್ರಿಗಳು ಗಾಬರಿಯಾದರು. ಸಂಕಲ್ಪ ಮಾಡಿದವರು ಕ್ಷೇತ್ರ ಬಿಟ್ಟು ಹೋಗಬಾರದು. "ಯಾವುದರಿಂದ ಪಾರಾಗಬೇಕು ಅಂತ ಬಂದಿದ್ದೆನೋ ಅದರಿಂದ ಪಾರಾದೆನ್ರೀ," ಅಂದಳು ಅಜ್ಜಿ. "ನಮ್ಮ ಓಣ್ಯಾಗ ಓರೆ ಕೂಡಾಕಿ ನಾ ಒಬ್ಬಾಕೀನs ಅಲ್ಲ. ಅವರಿಗೆ ಹೇಳಾವರು ಯಾರು?" ಶಾಸ್ತ್ರಿಗಳಿಗೆ ಪೂರ್ತಿ ತಿಳಿಯಿತೋ ಇಲ್ಲವೋ. ಅವರು ಪುಸ್ತಕ ಮುಚ್ಚಿ, "ಹೋಗಿ ಬರ್ರಿ ತಾಯಿ. ವಿಶ್ವನಾಥ ಎಲ್ಲಿಗೂ ಹೋಗೂದಿಲ್ಲ," ಅಂದರು. ಅಜ್ಜಿ ಊರಿಗೆ ಹೋದಳು.

ಮುಂದಿನ ವರ್ಷ ಮಾವಿನಕಾಯಿಯ ಕಾಲದಲ್ಲಿ, ಒಂದು ಮಧ್ಯಾಹ್ನ ನಮ್ಮ ಬಾಗಿಲಲ್ಲಿ ರಿಕ್ಷಾ ನಿಂತಿತು. ಅಜ್ಜಿಯ ಊರಿನ ಇಬ್ಬರು ಹೆಂಗಸರು ಇಳಿದರು. ಮನೆಯಲ್ಲಿ ಕಾಶೀಯಾತ್ರೆ ಎಂದು ಹೇಳಿ ಬಂದಿದ್ದರು. ಕೈಕಾಲು ತೊಳೆದು, ಊಟ ಮಾಡಿ, ಗಂಗೆಯ ಮಾತಾಗಲಿ ವಿಶ್ವನಾಥನ ಮಾತಾಗಲಿ ಎತ್ತದೆ ಅಡಿಗೆಮನೆಯಲ್ಲಿ ಅವ್ವನ ಹತ್ತಿರ ಕೂತರು. ಹಿರಿಯಳು ಒಂದೇ ತೊಡೆಗೆ ಭಾರ ಹಾಕಿ ಕೂತಿದ್ದಳು. ಅವ್ವನಿಗೆ ಬೇರೆ ಹೇಳಬೇಕಾಗಿರಲಿಲ್ಲ. ಎರಡು ಹಗಲು ಎರಡು ರಾತ್ರಿ ರೈಲಿನಲ್ಲಿ ಈ ನೋವು ಹೊತ್ತು ಬಂದಿದ್ದರಲ್ಲ ಎಂದು ಅವಳ ಕಣ್ಣು ತುಂಬಿತು.

"ಇಷ್ಟು ದೂರ ಬರಬೇಕಾತೇನ್ರೀ? ನಿಮ್ಮೂರಾಗ ದವಾಖಾನಿ ಇಲ್ಲೇನು?"

"ಅದರಿ. ದವಾಖಾನಿ ಅದ, ಡಾಕ್ಟರೂ ಇದ್ದಾರ," ಅಂದಳು ಹಿರಿಯಳು. "ಭಾಳ ಛಲೋ ಡಾಕ್ಟರು. ನನ್ನ ಅಳಿಯಾನs."

ಪಡಸಾಲೆಯಲ್ಲಿ ಪೇಪರು ಓದುತ್ತಿದ್ದ ಅಪ್ಪ ಅದನ್ನು ಕೇಳಿದ. ಪೇಪರು ಮಡಿಸಿಟ್ಟು, ಚಪ್ಪಲಿ ಮೆಟ್ಟಿ, ವಿಮಲಕ್ಕನನ್ನು ಕರೆಯಲು ತಾನೇ ಮಹಡಿ ಹತ್ತಿದ.